ಗುಡಿಸಿದ ರಸ್ತೆ

ನಮ್ಮಕ್ಕ ಪಾಲಿಟೆಕ್ನಿಕ್‌ನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಹುಡುಗರು ಬೆನ್ನ ಹಿಂದೆ ಅವಳನ್ನು ‘ಘರ್ಷಣೆ ಮೇಡಂ’ ಅನ್ನುತ್ತಾರೆ. ಘರ್ಷಣೆಯ ಪಾಠವನ್ನು ಚೆನ್ನಾಗಿ ಮಾಡುತ್ತಾಳೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವಳ ಜೊತೆ ಒಂದು ವಾರ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನಂತೂ ಹುಟ್ಟಿದಾಗಿನಿಂದ ಇದ್ದೇನೆ. ಅವಳ ಮನೆಯ ಮಹಡಿಯ ಮೇಲೆ ನನ್ನ ವಾಸ, ಅದೇ ಬೀದಿಯ ಕೊನೆಯಲ್ಲಿ ನನ್ನ ಬ್ಯೂಟಿ ಪಾರ್ಲರ್. ಊರಿನ ಸುದ್ದಿಯೆಲ್ಲ ನನ್ನ ಕುರ್ಚಿಯ ಮೇಲೆ ಕೂತು, ಕೂದಲು ಒದ್ದೆ ಮಾಡಿಕೊಂಡು ಬಾಯಿಬಿಡುತ್ತದೆ. ಆದ್ದರಿಂದ ಈ ಕತೆಯಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ.

ಅಕ್ಕನ ಮಗಳು ಪುಟ್ಟಿ ಹೋಗುವ ಶಾಲೆಯ ವ್ಯಾನನ್ನು ಓಡಿಸುತ್ತಿದ್ದವರಿಗೆ ಮಕ್ಕಳು ‘ಮೆಲ್ಲಗೆ ಮಾಮ’ ಎಂದು ಹೆಸರಿಟ್ಟಿದ್ದರು. ಹತ್ತುವಾಗ ಮೆಲ್ಲಗೆ, ಇಳಿಯುವಾಗ ಮೆಲ್ಲಗೆ, ಬಾಗಿಲು ಹಾಕುವಾಗ ಮೆಲ್ಲಗೆ. ತಲೆ ಪೂರ್ತಿ ನರೆತ ಮನುಷ್ಯ. ಹಿಂದಿನಿಂದ ಯಾರು ಎಷ್ಟು ಹಾರ್ನ್ ಹೊಡೆದರೂ ಜಪ್ಪಯ್ಯ ಅನ್ನದೆ ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ಅವರ ಹಿಂದೆ ಸಿಕ್ಕಿಹಾಕಿಕೊಂಡು ನಾನೇ ಎಷ್ಟೋ ಸಲ ಬೈದುಕೊಂಡಿದ್ದೇನೆ.

ಅಂಥವರ ವ್ಯಾನು ಒಂದು ಸಂಜೆ, ಹೊಸ ಕಟ್ಟಡ ಏಳುತ್ತಿದ್ದ ಮೂಲೆಯ ಹತ್ತಿರ, ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಬ್ರೇಕ್ ಹಾಕಿದಾಗ ನಿಲ್ಲದೆ ಜಾರಿಕೊಂಡು ಹೋಯಿತು. ಇನ್ನೇನು ನಿಂತಿತು ಅನ್ನುವಾಗ ಹಿಂದಿನ ಚಕ್ರ ಚರಂಡಿಗಿಳಿದು ವ್ಯಾನು ವಾಲಿತು. ಬಾಗಿಲ ಪಕ್ಕ ಕೂತಿದ್ದ ಒಂದು ಹುಡುಗಿ ಕೆಳಗೆ ಬಿದ್ದು ಕೈ ಮುರಿದುಕೊಂಡಳು. ಪುಟ್ಟಿಯೂ ಸೇರಿ ಉಳಿದವರಿಗೆ ಒಂದು ಗೀರೂ ಆಗಲಿಲ್ಲ. ಆದರೆ ಆ ಹುಡುಗಿಯ ಅಪ್ಪ ಸುಮ್ಮನಿರುವ ಪೈಕಿ ಅಲ್ಲ. ವ್ಯಾನು ಜೋರಾಗಿ ಬರುತ್ತಿತ್ತು ಅಂತ ಅವರು, ನಲವತ್ತು ದಾಟಿರಲಿಲ್ಲ ಅಂತ ಮೆಲ್ಲಗೆ ಮಾಮ. ಪೋಷಕರಲ್ಲಿ ಎರಡು ಗುಂಪಾಯಿತು. ಮುಖ್ಯೋಪಾಧ್ಯಾಯಿನಿ ತಲೆ ಚಚ್ಚಿಕೊಂಡು, “ಮೇಡಂ, ನೀವೇ ಒಂದು ಲೆಕ್ಕ ಹಾಕಿ ಹೇಳ್ಬಿಡಿ, ನಿಮ್ಮ ಮಾತಿಗೆ ಯಾರೂ ಎದುರಾಡಲ್ಲ” ಅಂತ ಅಕ್ಕನನ್ನು ಕೇಳಿಕೊಂಡರು.

ಅಕ್ಕನಿಗೆ ಅಷ್ಟು ಸಾಕಾಗಿತ್ತು. ರಜೆಯ ದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋದಳು. ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಡಿಸಿದ ಒಂದು ಸಾಧನ ಅವಳ ಹತ್ತಿರ ಇತ್ತು. ಹಳೆಯ ಟೈರಿನ ತುಂಡಿಗೆ ಕಾಂಕ್ರೀಟು ತುಂಬಿ ಕೊಂಡಿ ಹಾಕಿದ್ದು. ತೂಕ ಇಪ್ಪತ್ತು ಕಿಲೋ. ಕೊಂಡಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ರಸ್ತೆಯ ಮೇಲೆ ಒಂದೇ ಸಮನೆ ಎಳೆದರೆ, ಎಷ್ಟು ಬಲ ಬೇಕಾಯಿತು ಎಂದು ಮುಳ್ಳು ತೋರಿಸುತ್ತದೆ. ಅದನ್ನು ತೂಕದಿಂದ ಭಾಗಿಸಿದರೆ ಬರುವುದೇ ಘರ್ಷಣೆಯ ಗುಣಾಂಕ. ಅಂದರೆ, ರಸ್ತೆ ಟೈರನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಅನ್ನುವುದರ ಅಳತೆ.

ವ್ಯಾನು ಜಾರಿದ ಗುರುತು ಇನ್ನೂ ಕಾಣುತ್ತಿತ್ತು. ಅದರ ಎರಡೂ ತುದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದಳು. ಆಮೇಲೆ ನನ್ನ ಕೈಗೆ ಪೊರಕೆ ಕೊಟ್ಟು, “ನೀಟಾಗಿ ಗುಡಿಸು. ಅಳತೆ ಮಾಡೋ ಜಾಗ ಕ್ಲೀನಾಗಿರ್ಬೇಕು” ಅಂದಳು. ನಮ್ಮಕ್ಕನ ಪ್ರಯೋಗಾಲಯದ ಮೊದಲ ನಿಯಮವೇ ಅದು. ಒರೆಸದೆ ಅಳತೆ ತೆಗೆದ ಹುಡುಗರಿಗೆ ಅವಳು ಮತ್ತೆ ಮೊದಲಿಂದ ಮಾಡಿಸುತ್ತಾಳೆ. ನಾನು ಬೈದುಕೊಳ್ಳುತ್ತಲೇ ಗುಡಿಸಿದೆ. ಟೇಪು ಹಿಡಿದರೆ ಇಪ್ಪತ್ತು ಮೀಟರ್. ಟೈರು ಎಳೆದರೆ ಮುಳ್ಳು ಹದಿನಾಲ್ಕು ಕಿಲೋದ ಹತ್ತಿರ. ಅಕ್ಕ ಅಲ್ಲೇ ಫುಟ್‌ಪಾತಿನ ಮೇಲೆ ಕೂತು ಲೆಕ್ಕ ಮುಗಿಸಿ, “ಸುಳ್ಳು ಹೇಳಿದ್ದಾನೆ ಕಣೇ” ಅಂದಳು. ಅಲ್ಲಿಯವರೆಗೆ ಅವಳು ಅವರನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿರಲಿಲ್ಲ.

ಪೋಷಕರ ಸಭೆ ಶಾಲೆಯ ಹಾಲಿನಲ್ಲಿ ನಡೆಯಿತು. ಅಕ್ಕ ಕಪ್ಪು ಹಲಗೆಯ ಮುಂದೆ ನಿಂತಳೆಂದರೆ ಅವಳನ್ನು ನೋಡುವುದೇ ಒಂದು ಚೆಂದ. ಹದಿನಾಲ್ಕನ್ನು ಇಪ್ಪತ್ತರಿಂದ ಭಾಗಿಸಿದಳು, ಸೊನ್ನೆ ಪಾಯಿಂಟ್ ಏಳು. “ವ್ಯಾನು ಎಷ್ಟು ಭಾರ ಇತ್ತು, ಎಷ್ಟು ಮಕ್ಕಳಿದ್ರು ಅನ್ನೋದು ಬೇಕಾಗಲ್ಲ. ಭಾರ ಹೆಚ್ಚಾದ್ರೆ ಹಿಡಿದು ನಿಲ್ಲಿಸೋ ಬಲಾನೂ ಅಷ್ಟೇ ಹೆಚ್ಚಾಗುತ್ತೆ, ಲೆಕ್ಕದಲ್ಲಿ ಎರಡೂ ಹೊಡೆದುಹೋಗುತ್ತೆ” ಅಂದಳು. ಉಳಿಯುವುದು ಗುಣಾಂಕ ಮತ್ತು ಗುರುತ್ವ. ಎರಡನ್ನೂ ಗುಣಿಸಿದರೆ ವ್ಯಾನಿನ ವೇಗ ಪ್ರತಿ ಸೆಕೆಂಡಿಗೂ ಸುಮಾರು ಏಳು ಮೀಟರಿನಷ್ಟು ಕುಗ್ಗುತ್ತಾ ಬಂದಿರಬೇಕು. ಹಾಗೆ ಕುಗ್ಗುತ್ತಾ ಬಂದ ವ್ಯಾನು ನಿಲ್ಲಲು ಇಪ್ಪತ್ತು ಮೀಟರ್ ತೆಗೆದುಕೊಂಡಿದೆ ಅಂದರೆ ಶುರುವಿನಲ್ಲಿ ಎಷ್ಟು ವೇಗವಿತ್ತು? ಉತ್ತರವನ್ನು ದೊಡ್ಡದಾಗಿ ಬರೆದು ಅಡಿಗೆರೆ ಎಳೆದಳು. ಗಂಟೆಗೆ ಅರವತ್ತು.

ಹಿಂದಿನ ಸಾಲಿನಲ್ಲಿ ಮೆಲ್ಲಗೆ ಮಾಮ ಎದ್ದು ನಿಂತರು. “ನಲವತ್ತು ದಾಟಿರ್ಲಿಲ್ಲ ಮೇಡಂ. ಸ್ಪೀಡ್ ಮುಳ್ಳು ನೋಡಿದ್ದೆ ನಾನು.”

“ನೀವು ಮುಳ್ಳು ನೋಡಿರಬಹುದು. ಆದ್ರೆ ರಸ್ತೆ ಸುಳ್ಳು ಹೇಳಲ್ಲ” ಅಂದಳು ಅಕ್ಕ.

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಮ್ಮಕ್ಕ ಅಂತ ಪಕ್ಕದವಳಿಗೆ ಮೊಣಕೈಯಲ್ಲಿ ತಿವಿದು ಹೇಳಿದ್ದೂ ಉಂಟು.

ಮರುದಿನವೇ ಮೆಲ್ಲಗೆ ಮಾಮನ ಕೈಯಿಂದ ವ್ಯಾನಿನ ಕೀಲಿ ಹೋಯಿತು. ನನ್ನ ಪಾರ್ಲರಿನಲ್ಲಿ ಅವರಿಗೆ ಹೊಸ ಹೆಸರು ಬಂತು, ‘ಅರವತ್ತು ಮಾಮ’. ಅಷ್ಟು ವರ್ಷ ಮೆಲ್ಲಗೆ ಮೆಲ್ಲಗೆ ಅಂತ ಎಲ್ಲರ ಕಣ್ಣಿಗೆ ಮಣ್ಣೆರಚಿದ್ದಾನೆ ಅಂದರು. ಬೇರೆ ಯಾವ ಶಾಲೆಯೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಯಾವುದೋ ಗೋದಾಮಿನಲ್ಲಿ ರಟ್ಟಿನ ಡಬ್ಬಗಳಿಗೆ ಟೇಪು ಅಂಟಿಸುವ ಕೆಲಸಕ್ಕೆ ಸೇರಿದ್ದಾರಂತೆ ಎಂದು ಕೇಳಿದೆ. ಕೇಳಿ, ಮುಂದಿನವರ ಕೂದಲಿಗೆ ಕೈ ಹಾಕಿದೆ.

ಇದಾಗಿ ಎರಡು ತಿಂಗಳ ಮೇಲೆ ಅಕ್ಕ ಒಂದು ಸಂಜೆ ಕಾಲೇಜಿನಿಂದ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಭಾವ ಊರಲ್ಲಿರಲಿಲ್ಲ. ಏನಾಯ್ತೇ ಅಂದೆ. ನೀರು ಕೊಟ್ಟೆ, ಕುಡಿಯಲಿಲ್ಲ.

“ಇವತ್ತು ಲ್ಯಾಬಲ್ಲಿ,” ಅಂದಳು ಕೊನೆಗೆ, “ಒಬ್ಬ ಹುಡುಗನಿಗೆ ಗುಣಾಂಕ ತೀರಾ ಕಮ್ಮಿ ಬಂದಿತ್ತು. ನೋಡಿದ್ರೆ ಹಲಗೆ ತುಂಬಾ ಸೀಮೆಸುಣ್ಣದ ಪುಡಿ. ‘ಪುಡಿ ಇದ್ರೆ ಜಾರದೆ ಇನ್ನೇನಾಗುತ್ತೆ, ಒರೆಸೋ’ ಅಂತ ಬೈದೆ. ಅವನು ಒರೆಸಿದ. ಆಮೇಲೆ...”

“ಆಮೇಲೆ?”

“ಅವತ್ತು ನೀನು ಗುಡಿಸಿದ್ಯಲ್ಲ, ಏನಿತ್ತು ಅಲ್ಲಿ?”

ಅಲ್ಲಿದ್ದದ್ದು ಮರಳು ಮತ್ತು ಜಲ್ಲಿಪುಡಿ. ಹೊಸ ಕಟ್ಟಡಕ್ಕೆ ಬರುವ ಲಾರಿಗಳಿಂದ ದಿನಾ ಉದುರುತ್ತಿದ್ದದ್ದು. ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ವ್ಯಾನು ಜಾರಿದ ಗುರುತು ಅಂತ ನಾವು ನೋಡಿದ್ದು ಆ ಪುಡಿಯ ಮೇಲೆ ಗೀಚಿದ ಎರಡು ಸಾಲುಗಳನ್ನೇ. ನಾನು ಗುಡಿಸಿದ ಮೇಲೆ ಆ ಸಾಲುಗಳೂ ಮಾಯವಾಗಿದ್ದವು, ಉಳಿದದ್ದು ತುದಿಯ ಸೀಮೆಸುಣ್ಣದ ಗೆರೆ ಮಾತ್ರ. ವ್ಯಾನು ಜಾರಿದ್ದು ಒಂದು ರಸ್ತೆಯ ಮೇಲೆ, ನಾವು ಅಳೆದದ್ದು ಇನ್ನೊಂದು ರಸ್ತೆಯನ್ನು.

ಬೆಳಗಾಗುತ್ತಲೇ ಇಬ್ಬರೂ ಟೈರು ತೆಗೆದುಕೊಂಡು ಅದೇ ಮೂಲೆಗೆ ಹೋದೆವು. ಪೊರಕೆ ಒಯ್ಯಲಿಲ್ಲ. ಲಾರಿಗಳು ಇನ್ನೂ ಬರುತ್ತಿದ್ದವು, ಪುಡಿ ಹಾಗೇ ಹರಡಿಕೊಂಡಿತ್ತು. ಅಕ್ಕ ಎಳೆದಳು. ಆರು ಕಿಲೋ. ನನ್ನ ಕೈಲಿ ಎಳೆಸಿದಳು. ಆರು. ಹಿಂದಕ್ಕೆ ಹೋಗಿ ಮತ್ತೆ ಎಳೆದಳು, ಈ ಸಲ ಮುಳ್ಳು ನೋಡಲು ಅವಳಿಗೆ ಧೈರ್ಯವಾಗದೆ ನನ್ನನ್ನೇ ನೋಡು ಅಂದಳು. ಆರನ್ನು ಇಪ್ಪತ್ತರಿಂದ ಭಾಗಿಸಿದರೆ ಸೊನ್ನೆ ಪಾಯಿಂಟ್ ಮೂರು. ವೇಗ ಕುಗ್ಗುವುದು ಸೆಕೆಂಡಿಗೆ ಮೂರು ಮೀಟರಿಗಿಂತಲೂ ಕಡಿಮೆ. ಅಷ್ಟು ನಿಧಾನವಾಗಿ ಕುಗ್ಗಿ ಇಪ್ಪತ್ತು ಮೀಟರಿನಲ್ಲಿ ನಿಂತ ವ್ಯಾನು ಜಾರತೊಡಗಿದ್ದು ಗಂಟೆಗೆ ಮೂವತ್ತೊಂಬತ್ತರಲ್ಲಿ.

ರಸ್ತೆ ಗಟ್ಟಿಯಾಗಿ ಹಿಡಿದು ನಿಲ್ಲಿಸಿದ್ದರೆ ಒಳಗಿದ್ದ ಮಕ್ಕಳು ಮುಂದಕ್ಕೆ ಮುಗ್ಗರಿಸಬೇಕಿತ್ತು. ಮನೆಗೆ ಬಂದು ಪುಟ್ಟಿಯನ್ನು ಕೇಳಿದಳು. “ಅವತ್ತು ಬ್ರೇಕ್ ಹಾಕಿದಾಗ ನೀನು ಮುಂದಿನ ಸೀಟಿಗೆ ಹೋಗಿ ಬಡಿದ್ಯಾ?”

“ಇಲ್ಲ. ಸುಮ್ನೆ ಸುಯ್ಯಂತ ಹೋಯ್ತು. ನಾವೆಲ್ಲ ಹೋ ಅಂತ ಕೂಗಿದ್ವಿ, ಮಜಾ ಇತ್ತು. ಆಮೇಲೆ ವಾಲಿದಾಗಲೇ ಹೆದರಿಕೆ ಆಗಿದ್ದು.”

“ಮೊದಲೇ ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲೇ ಇಲ್ವಲ್ಲಮ್ಮ.”

ಅಕ್ಕ ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಹರಿಯಿತು. ಹೊರಗೆ ಬಂದಾಗ ಅವಳದೊಂದು ಯೋಜನೆ ಸಿದ್ಧವಾಗಿತ್ತು. ಮುಖ್ಯೋಪಾಧ್ಯಾಯಿನಿಗೆ ನಾಲ್ಕು ಸಾಲು ಬರೆದು ಕಳಿಸಿದರಾಯಿತು, ಅವರು ಏನು ಮಾಡಬೇಕೋ ಮಾಡಲಿ ಅಂದಳು. ನನಗೆ ಮೈ ಉರಿದುಹೋಯಿತು.

“ಮಾನ ಕಳೆಯುವಾಗ ಹಾಲ್ ತುಂಬಾ ಜನ ಬೇಕಿತ್ತು, ವಾಪಸ್ ಕೊಡೋವಾಗ ಚೀಟಿ ಸಾಕಾ?” ಅಂದೆ.

“ನಿನಗೇನು ಗೊತ್ತು, ನಾಳೆ ನಾನು ಕ್ಲಾಸಲ್ಲಿ ಹೇಗೆ ತಲೆ ಎತ್ತಿ ನಿಲ್ಲೋದು?”

“ಆ ಮನುಷ್ಯ ಎರಡು ತಿಂಗಳಿಂದ ಹೇಗೆ ನಿಂತಿದ್ದಾನೋ ಹಾಗೆ.”

ಸಂಜೆ ಅಕ್ಕ ತಾನಾಗಿಯೇ, “ನಡಿ, ಅವರ ಮನೆಗೆ ಹೋಗೋಣ” ಅಂದಳು.

ಮೆಲ್ಲಗೆ ಮಾಮ ಮಗಳ ಮನೆಯಲ್ಲಿದ್ದರು. ಮುಂದಿನ ಕೋಣೆಯಲ್ಲಿ ಕಿಟಕಿಯ ಬಳಿ ಕೂತು ಮೊಮ್ಮಗಳ ಆಟದ ಸಾಮಾನಿಗೆ ಅಂಟು ಹಾಕುತ್ತಿದ್ದರು. ಅಕ್ಕನನ್ನು ನೋಡಿದ ಕೂಡಲೇ ಎದ್ದು ಕುರ್ಚಿಯನ್ನು ಅಂಗೈಯಲ್ಲಿ ಒರೆಸಿದರು. ಒಳಗಿನ ಕೋಣೆಯಿಂದ ಮಗಳು ಇಣುಕಿ ನೋಡಿ, ಮಾತಾಡಿಸದೆ ಹಿಂದೆ ಸರಿದಳು.

ಅಕ್ಕ ತಡವರಿಸುತ್ತಾ ಹೇಳಿದಳು. ರಸ್ತೆ ಗುಡಿಸಿದ್ದು, ಪುಡಿ, ಆರು ಕಿಲೋ, ಮೂವತ್ತೊಂಬತ್ತು. ಅವರು ಬಯ್ಯುತ್ತಾರೆ ಎಂದು ನಾನು ಕಾದೆ. ಬೈದಿದ್ದರೆ ನಾವಿಬ್ಬರೂ ಹಗುರಾಗುತ್ತಿದ್ದೆವು.

“ಹಾಗಾದ್ರೆ ನಾನು ನಲವತ್ತರೊಳಗೇ ಇದ್ನಾ?” ಅಂದರು ಅವರು. ಬೇರೆ ಯಾರದೋ ಸುದ್ದಿ ಕೇಳುವವರ ಹಾಗೆ. “ನೀವು ಅವತ್ತು ಬೋರ್ಡ್ ಮೇಲೆ ಬರೆದ ಮೇಲೆ ನನಗೂ ಅನುಮಾನ ಬಂತು ಮೇಡಂ. ಓದಿದೋರು, ಸುಳ್ಳು ಹೇಳಲ್ಲ. ನಾನೇ ಸರಿಯಾಗಿ ನೋಡಿರಲಿಕ್ಕಿಲ್ಲ ಅಂದ್ಕೊಂಡೆ. ಕಣ್ಣು ತೋರಿಸ್ಕೊಂಡು ಬಂದೆ, ಕಣ್ಣು ಸರಿಯಿದೆ ಅಂದ್ರು. ಹಾಗಾದ್ರೆ ತಲೇನೇ ಕೆಟ್ಟಿರಬೇಕು ಅಂದ್ಕೊಂಡೆ. ಆ ಮಗು ಮನೆಗೂ ಹೋಗಿ, ತಪ್ಪಾಯ್ತಮ್ಮ, ಜೋರಾಗಿ ಬಂದ್ಬಿಟ್ಟೆ ಅಂತ ಕೇಳ್ಕೊಂಡೆ.”

ಅಕ್ಕ ತಲೆ ತಗ್ಗಿಸಿದಳು. ಮಾಡದ ತಪ್ಪನ್ನು ಈ ಮನುಷ್ಯ ಒಪ್ಪಿಕೊಂಡು ಬಂದಿದ್ದರು, ಅದೂ ಅವಳ ಲೆಕ್ಕವನ್ನು ನಂಬಿ. ಆ ಹಾಲಿನಲ್ಲಿ ಅವಳ ಮಾತನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರು ಇನ್ನೊಬ್ಬರು ಇರಲಾರರು. ನನಗೆ ಅಲ್ಲಿ ಕೂರುವುದೇ ಕಷ್ಟವಾಯಿತು.

ಅವರು ದನಿ ತಗ್ಗಿಸಿದರು. “ಒಂದು ಉಪಕಾರ ಮಾಡ್ತೀರಾ? ಒಳಗೆ ಬಂದು ನನ್ನ ಮಗಳಿಗೆ ಇದೊಂದು ಮಾತು ಹೇಳಿ. ಅವತ್ತಿನಿಂದ ಮೊಮ್ಮಗಳನ್ನ ನನ್ನ ಸ್ಕೂಟರ್ ಮೇಲೆ ಕೂರಿಸ್ಕೊಳ್ಳೋಕೆ ಬಿಡಲ್ಲ. ಏನೂ ಅನ್ನಲ್ಲ, ಮಗೂನ ಎತ್ಕೊಂಡು ಒಳಗೆ ಹೋಗ್ಬಿಡ್ತಾಳೆ.”

ಒಳಗಿನ ಬಾಗಿಲು ನಾಲ್ಕು ಹೆಜ್ಜೆ ದೂರವೂ ಇರಲಿಲ್ಲ. ಅಕ್ಕ ಅದನ್ನೊಮ್ಮೆ ನೋಡಿದಳು. “ಇಲ್ಲಿ ಬೇಡ. ಎಲ್ಲರ ಮುಂದೆ, ಅದೇ ಹಾಲಲ್ಲಿ ಹೇಳ್ತೀನಿ. ಪೂರ್ತಿ ಲೆಕ್ಕ ಬಿಡಿಸಿ ತೋರಿಸ್ತೀನಿ. ಮಗಳನ್ನೂ ಕರ್ಕೊಂಡು ಬನ್ನಿ” ಅಂದಳು. ಕೇಳಲು ಅದು ದೊಡ್ಡತನದ ಮಾತು. ಆದರೆ ಹಲಗೆ ಮತ್ತು ಸೀಮೆಸುಣ್ಣದ ಆಸರೆಯಿಲ್ಲದೆ ಒಬ್ಬ ಹೆಂಗಸಿನ ಮುಖ ನೋಡಿ ಆ ಮಾತು ಹೇಳುವುದು ಅವಳಿಂದ ಆಗಲಿಲ್ಲ. ಅದು ನನಗೆ ಗೊತ್ತಾಯಿತು. ಬಹುಶಃ ಅವರಿಗೂ ಗೊತ್ತಾಯಿತು, ಆಗಲಿ ಮೇಡಂ ಅಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಮುಖ್ಯೋಪಾಧ್ಯಾಯಿನಿ ಗೊಣಗುತ್ತಲೇ ಸಭೆ ಕರೆದರು. ಹಾಲ್ ಭರ್ತಿಯಾಗಿತ್ತು. ಮೆಲ್ಲಗೆ ಮಾಮ ಒಗೆದ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಮಗಳು, ಅವಳ ತೊಡೆಯ ಮೇಲೆ ನಾಲ್ಕು ವರ್ಷದ ಮೊಮ್ಮಗಳು.

ಅಕ್ಕ ಹಲಗೆಯ ಮೇಲೆ ಬರೆಯತೊಡಗಿದಳು. “ಅಳತೆ ಮಾಡಿದ ಮೇಲ್ಮೈ ಮತ್ತು ಘಟನೆ ನಡೆದ ಮೇಲ್ಮೈ ಇವೆರಡರ ನಡುವೆ ವ್ಯತ್ಯಾಸ ಇದ್ದುದರಿಂದ, ಗುಣಾಂಕದ ಬೆಲೆಯನ್ನು ಪರಿಷ್ಕರಿಸಬೇಕಾಗಿದೆ” ಅಂದಳು. ಅದಾವ ಭಾಷೆಯೋ! ಮನೆಯಲ್ಲಿ ಹಾಲು ಉಕ್ಕಿದರೆ ಬೀದಿಗೆ ಕೇಳುವಂತೆ ಕಿರುಚುವವಳು ಇಲ್ಲಿ ಪರಿಷ್ಕರಿಸುತ್ತಿದ್ದಳು. ಏಳನ್ನು ಹೊಡೆದು ಮೂರು ಬರೆದಳು. ಅರವತ್ತನ್ನು ಹೊಡೆದು ಮೂವತ್ತೊಂಬತ್ತು ಬರೆದಳು. ಲೆಕ್ಕದಲ್ಲಿ ಒಂದು ಕೂದಲೆಳೆಯಷ್ಟೂ ದೋಷವಿರಲಿಲ್ಲ. ಯಾರು ಗುಡಿಸಿದರು, ಯಾರು ಗುಡಿಸಲು ಹೇಳಿದರು ಅನ್ನುವುದು ಮಾತ್ರ ಎಲ್ಲೂ ಬರಲಿಲ್ಲ.

ಕೈ ಮುರಿದ ಹುಡುಗಿಯ ಅಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು ಕೇಳಿದರು. “ಅವತ್ತು ಏಳು ಅಂದ್ರಿ, ಇವತ್ತು ಮೂರು ಅಂತೀರಿ. ನಾಳೆ ಬಂದ್ರೆ ಐದಾಗಿರುತ್ತೇನೋ?”

ಇಡೀ ಸಭೆ ನಕ್ಕಿತು. ಅಕ್ಕ ಮತ್ತೆ ಗುಣಾಂಕದಿಂದ ಶುರು ಮಾಡಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. “ಪಾಪ ಅನ್ನಿಸಿದ್ರೆ ಪಾಪ ಅನ್ನಿ ಮೇಡಂ, ಅದಕ್ಕೆ ಲೆಕ್ಕ ಯಾಕೆ ತಿರುಚ್ತೀರಿ?” ಅಂತ ಒಬ್ಬರು. “ಆತನೇ ನಮ್ಮನೆಗೆ ಬಂದು ಒಪ್ಕೊಂಡು ಹೋಗಿದ್ದಾನೆ, ಇವರದ್ದೇನು ಹೊಸ ರಾಗ” ಅಂತ ಹುಡುಗಿಯ ಅಪ್ಪ. “ಇವರ ಕೈಲಿ ಕಲಿತ ಹುಡುಗರು ಸೇತುವೆ ಕಟ್ಟಿದ್ರೆ ನಾನಂತೂ ದಾಟಲ್ಲಪ್ಪ” ಎಂದು ಯಾರೋ ಅಂದದ್ದಕ್ಕೆ ನಗು ಇನ್ನೂ ಜೋರಾಯಿತು. ಅಕ್ಕನ ಕಿವಿಯವರೆಗೂ ಕೆಂಪೇರಿತು. ಎದ್ದು ಹೋಗಿ ಅವಳ ಪಕ್ಕ ನಿಲ್ಲಬೇಕು ಅನ್ನಿಸಿತು, ಆದರೆ ಕೂತೇ ಇದ್ದೆ.

ಎದ್ದವರು ಮೆಲ್ಲಗೆ ಮಾಮ. ಕೈ ಮುಂದೆ ಮಾಡಿ ಎಲ್ಲರನ್ನೂ ಸುಮ್ಮನಾಗಿಸಿದರು. “ಮೇಡಂನ ಏನೂ ಅನ್ಬೇಡಿ. ಅವರು ನನ್ನ ಕಷ್ಟ ನೋಡಕ್ಕಾಗದೆ ಹೀಗೆ ಹೇಳ್ತಿದ್ದಾರೆ. ಅವತ್ತು ಅವರು ಹಾಕಿದ ಲೆಕ್ಕಾನೇ ಸರಿ. ನಾನು ಅರವತ್ತರಲ್ಲೇ ಇದ್ದೆ.”

ನಗು ನಿಂತಿತು. ಹೋಗ್ಲಿ ಬಿಡಿ, ಮುಗಿದುಹೋದ ವಿಷಯ ಅಂತ ಜನ ಏಳತೊಡಗಿದರು. ಹೊರಗೆ ಟೀ ಇಟ್ಟಿದ್ದರು. ಅವರ ಮಗಳು ಮಗುವನ್ನು ಎತ್ತಿಕೊಂಡು, ಅಪ್ಪನ ಕಡೆ ತಿರುಗಿಯೂ ನೋಡದೆ ಹೊರಗೆ ನಡೆದಳು.

ಅಕ್ಕ ಕುರ್ಚಿಗಳ ನಡುವೆ, ಅವರಿವರನ್ನು ತಳ್ಳಿಕೊಂಡು ಓಡಿದಳು. ನಾನೂ ಹಿಂದೆಯೇ ಓಡಿದೆ. ಗೇಟಿನ ಹತ್ತಿರ ಸಿಕ್ಕರು. ಮಗು ನೆಲದ ಮೇಲೆ ನಿಂತಿತ್ತು, ತಾಯಿ ಅದರ ಚಪ್ಪಲಿಯ ಪಟ್ಟಿ ಹಾಕುತ್ತಿದ್ದಳು.

“ನಿಮ್ಮಪ್ಪ ಒಳಗೆ ಸುಳ್ಳು ಹೇಳಿದ್ರು,” ಅಂದಳು ಅಕ್ಕ ಏದುಸಿರು ಬಿಡುತ್ತಾ. “ನನ್ನನ್ನ ನಗೆಪಾಟಲು ಮಾಡ್ತಿದ್ರಲ್ಲ, ಅದನ್ನ ತಪ್ಪಿಸೋಕೆ.”

ಮಗಳು ತಲೆ ಎತ್ತಲಿಲ್ಲ. “ಯಾವುದನ್ನ ನಂಬಲಿ ಮೇಡಂ? ಅಪ್ಪ ಮನೇಲಿ ನಲವತ್ತು ಅಂದ್ರು, ನೀವು ಅರವತ್ತು ಅಂದ್ರಿ. ಈಗ ನೀವು ನಲವತ್ತು ಅಂತೀರಿ, ಅಪ್ಪ ಅರವತ್ತು ಅಂತಾರೆ.”

“ಗುಣಾಂಕ...” ಅಂತ ಶುರು ಮಾಡಿ ಅಕ್ಕ ನಾಲಿಗೆ ಕಚ್ಚಿಕೊಂಡಳು.

ಮಗು ಅವಳ ಮುಖವನ್ನೇ ನೋಡುತ್ತಿತ್ತು. “ತಾತ ಜೋರಾಗಿ ಓಡ್ಸಿದ್ರಾ?” ಎಂದು ಕೇಳಿತು.

ಅಕ್ಕ ಮೊಣಕಾಲೂರಿ ಕೂತಳು. “ಇಲ್ಲ ಪುಟ್ಟ. ಅಲ್ಲಿ ಮರಳಿತ್ತು, ಅದಕ್ಕೇ ಜಾರಿತು. ನಾನು ಆ ಮರಳನ್ನೆಲ್ಲ ಗುಡಿಸಿಸಿ, ಆಮೇಲೆ ತಾತ ಜೋರಾಗಿ ಬಂದ್ರು ಅಂದೆ. ತಪ್ಪು ಮಾಡಿದ್ದು ನಾನು. ತಾತ ಅಲ್ಲ.”

ಮಗು ಹಾಲಿನ ಬಾಗಿಲ ಕಡೆ ತಿರುಗಿ ನೋಡಿತು. “ಮತ್ತೆ ಒಳಗೆ ಯಾಕೆ ಹೀಗೆ ಹೇಳ್ಲಿಲ್ಲ?”

ಅದರ ತಾಯಿ ಪಟ್ಟಿ ಹಾಕುವುದನ್ನು ನಿಲ್ಲಿಸಿ ಅಕ್ಕನನ್ನು ನೋಡಿದಳು. ನಾನೂ ನೋಡಿದೆ. ಅಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಅವಳು ಹೋಗಲಿಲ್ಲ. ಎದ್ದು, ಬಂದ ದಾರಿಯಲ್ಲೇ ವಾಪಸ್ಸು ನಡೆದಳು. ತಾಯಿ ಮಗುವನ್ನು ಎತ್ತಿಕೊಂಡು ಹಿಂದೆ ಬಂದಳು.

ಹಾಲಿನಲ್ಲಿ ಅರ್ಧ ಜನ ಟೀ ಲೋಟ ಹಿಡಿದು ಹರಟುತ್ತಿದ್ದರು. ಮೆಲ್ಲಗೆ ಮಾಮ ಒಬ್ಬರೇ ಹಿಂದಿನ ಸಾಲಿನಲ್ಲಿ ಕೂತಿದ್ದರು. ಅಕ್ಕ ಹಲಗೆಯ ಕಡೆ ಹೋಗಲಿಲ್ಲ, ಬಾಗಿಲ ಬಳಿಯೇ ನಿಂತಳು.

“ನಾನು ತಪ್ಪು ಮಾಡಿದೆ,” ಅಂದಳು. ಈ ಸಲ ಅದು ಹಾಲು ಉಕ್ಕಿದಾಗಿನ ದನಿ, ಮೂಲೆಮೂಲೆಗೂ ಕೇಳಿಸಿತು. “ರಸ್ತೆ ಮೇಲಿದ್ದ ಮರಳನ್ನ ಗುಡಿಸಿಸಿದ್ದು ನಾನು. ನೋಡದೆ ಅಳೆದದ್ದು ನಾನು. ನನ್ನ ಜಂಬಕ್ಕೆ ಈ ಮನುಷ್ಯನ ಕೆಲಸ ಹೋಯ್ತು. ಒಂದು ಸಲ ಹೀಗೆ ಬಾಯಿಬಿಟ್ಟು ಹೇಳೋಕೆ ನಾಚಿಕೆಯಾಗಿ ಇವತ್ತೂ ಬೋರ್ಡ್ ಹಿಂದೆ ಬಚ್ಚಿಟ್ಟುಕೊಂಡೆ. ಅದಕ್ಕೇ ಅವರು ಸುಳ್ಳು ಹೇಳಬೇಕಾಗಿ ಬಂತು.”

ಯಾರೂ ನಗಲಿಲ್ಲ. ಕೈ ಮುರಿದ ಹುಡುಗಿಯ ಅಪ್ಪ ಲೋಟವನ್ನು ಕೆಳಗಿಟ್ಟರು. ಅವರ ದನಿಯಲ್ಲಿ ಮೊದಲಿನ ಮೊನಚಿರಲಿಲ್ಲ. “ಹಾಗಾದ್ರೆ ಅವರು ನಿಜವಾಗ್ಲೂ ಎಷ್ಟು ಸ್ಪೀಡಲ್ಲಿದ್ರು?”

ಮೂವತ್ತೊಂಬತ್ತು ಹಲಗೆಯ ಮೇಲೆ ಇನ್ನೂ ಇತ್ತು. ಅಕ್ಕ ಅದರ ಕಡೆ ಕೈ ತೋರಿಸಲಿಲ್ಲ.

“ಮೊದಲನೇ ದಿನ ಅವರೇ ಎದ್ದು ನಿಂತು ಹೇಳಿದ್ರಲ್ಲ,” ಅಂದಳು, “ಅಷ್ಟೇ.”